ಜೀರ್ಣವಾಗದ ವಾತಾಪಿ

ಕೂಸಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಕಾಲ ಮೇಲೆ ಮಲಗಿಸಿಕೊಂಡು, ಹೊಟ್ಟೆ ನೀವುತ್ತ ‘ವಾತಾಪಿ ಜೀರ್ಣೋಭವ’ ಅನ್ನುವ ಅಜ್ಜಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಕೂಸಿಗೆ ಅದರ ಅರ್ಥ ತಿಳಿಯುವುದಿಲ್ಲ, ತೇಗು ಬಂದರೆ ಸಾಕು. ಆದರೆ ಮಕ್ಕಳೇ, ಆ ಮಾತಿನೊಳಗೆ ನಮ್ಮ ಬಾದಾಮಿಯ ಒಂದು ರಾಕ್ಷಸನ ಕಥೆ ಕೂತಿದೆ.

ಇಲ್ವಲ ಮತ್ತು ವಾತಾಪಿ ಅಣ್ಣತಮ್ಮಂದಿರು. ದಾರಿಯಲ್ಲಿ ಹೋಗುವವರನ್ನು ಇಲ್ವಲ ಬಲು ಮರ್ಯಾದೆಯಿಂದ ಊಟಕ್ಕೆ ಕರೆಯುತ್ತಿದ್ದ. ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿಸಿ ಬಡಿಸುತ್ತಿದ್ದ. ಅತಿಥಿ ಉಂಡು ಕೈ ತೊಳೆದ ಮೇಲೆ ‘ವಾತಾಪೀ, ಹೊರಗೆ ಬಾ’ ಎಂದು ಕೂಗಿದರೆ ಮುಗಿಯಿತು, ವಾತಾಪಿ ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಕಡೆಗೊಂದು ದಿನ ಅಗಸ್ತ್ಯ ಮುನಿ ಉಂಡು, ಹೊಟ್ಟೆ ಸವರಿ, ಜೀರ್ಣವಾಗು ಅಂದುಬಿಟ್ಟ. ಇಲ್ವಲ ಎಷ್ಟು ಕೂಗಿದರೂ ತಮ್ಮ ಬರಲಿಲ್ಲ. ಬಾದಾಮಿಯ ಹಳೆಯ ಹೆಸರೇ ವಾತಾಪಿ. ಗುಡ್ಡದ ಬುಡದ ಕೆರೆಗೆ ಇವತ್ತಿಗೂ ಅಗಸ್ತ್ಯತೀರ್ಥ ಅನ್ನುತ್ತೇವೆ.

ಈ ಕಥೆಯಲ್ಲಿ ನನಗೆ ಭಯ ಹುಟ್ಟಿಸುವುದು ರಾಕ್ಷಸನ ಕೋರೆಹಲ್ಲಲ್ಲ. ಅವನು ತಾಟಿನಲ್ಲಿ ಬರುತ್ತಾನೆ ಅನ್ನುವುದು. ನೋಡಿದರೆ ಊಟ, ಒಳಗೆ ಸಾವು.

ಇದೆಲ್ಲ ಈಗ ಯಾಕೆ ಬಂತೆಂದರೆ, ಹೋದ ತಿಂಗಳು ಮನೆಯ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆವು. ಹೆಂಗಸರು ಟೋಪತೆನಿ ಸೆರಗಿನ ಮುಂದೆ ಮೂರು ತಾಸು ಕೂತರು. ಬೇಸತ್ತ ಮೊಮ್ಮಗ ಹತ್ತಿರದ ಅಂಗಡಿಯಿಂದ ಒಂದು ಟೀ ಶರ್ಟ್ ಹಿಡಿದು ತಂದ. ಎದೆಯ ಮೇಲೆ ಬಾಯಿಂದ ನೀಲಿ ಬೆಂಕಿ ಉಗುಳುವ ದೊಡ್ಡ ಹಲ್ಲಿ. ಇಳಕಲ್ಲಿಗೆ ಹೋಗಿ ಸೀರೆ ಬಿಟ್ಟು ರಾಕ್ಷಸನನ್ನು ತಂದವನು ನಮ್ಮ ಮನೆತನದಲ್ಲಿ ಇವನೇ ಮೊದಲಿಗ. “ಅಜ್ಜಾ, ಇವ ಗಾಡ್ಜಿಲ್ಲಾ. ಇವನ ಕಥೀನೂ ನಿಮ್ಮ ವಾತಾಪಿ ಹಂಗ ಹಳೇದೇನು?” ಅಂತ ಕೇಳಿದ.

ಅಷ್ಟು ಹಳೆಯದಲ್ಲ. ಇವನು ಹುಟ್ಟಿದ್ದು 1954ರಲ್ಲಿ, ನಾನು ಇನ್ನೂ ಚಡ್ಡಿ ಹಾಕುವುದನ್ನು ಕಲಿಯುತ್ತಿದ್ದ ಕಾಲಕ್ಕೆ. ಆದರೆ ಇವನೂ ಊಟದ ತಾಟಿನ ಹಾದಿಯಿಂದಲೇ ಬಂದವನು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೆಸಿಫಿಕ್ ಮಹಾಸಾಗರದ ನಡುವೆ ಮಾರ್ಷಲ್ ದ್ವೀಪಗಳಿವೆ. ಅವುಗಳಲ್ಲಿ ಬಿಕಿನಿ ಎಂಬ ಹವಳದ ದ್ವೀಪಸಮೂಹ. 1954ರ ಮಾರ್ಚ್ 1ರ ಬೆಳಗಿನ ಜಾವ ಅಮೆರಿಕದವರು ಅಲ್ಲಿ ಒಂದು ಹೈಡ್ರೋಜನ್ ಬಾಂಬ್ ಸಿಡಿಸಿ ಪರೀಕ್ಷೆ ಮಾಡಿದರು. ಸುಮಾರು 6 ಮೆಗಾಟನ್ ಶಕ್ತಿ ಬಂದೀತು ಅಂತ ವಿಜ್ಞಾನಿಗಳ ಲೆಕ್ಕ. ಬಂದದ್ದು 15. ಬಾಂಬಿನೊಳಗಿನ ಲಿಥಿಯಂನಲ್ಲಿ ಸುಮ್ಮನಿರುತ್ತದೆ ಎಂದುಕೊಂಡಿದ್ದ ಒಂದು ಬಗೆಯೂ ಸ್ಫೋಟಕ್ಕೆ ಕೈಗೂಡಿಸಿತ್ತು. ಆರು ಬರೆದಲ್ಲಿ ಹದಿನೈದು ಬಂದರೆ ನಮ್ಮ ಬ್ಯಾಂಕಿನಲ್ಲಿ ಆ ರಾತ್ರಿ ಯಾರೂ ಮನೆಗೆ ಹೋಗುತ್ತಿರಲಿಲ್ಲ! ಹಿರೋಶಿಮಾದ ಮೇಲೆ ಬಿದ್ದ ಬಾಂಬಿಗಿಂತ ಇದು ಸಾವಿರ ಪಟ್ಟು ದೊಡ್ಡದು. ಹವಳದ ದಿಬ್ಬದಲ್ಲಿ ಸುಮಾರು ಎರಡು ಕಿಲೋಮೀಟರ್ ಅಗಲದ ಕುಣಿ ಬಿತ್ತು. ಅಲ್ಲಿದ್ದ ಹವಳವೆಲ್ಲ ಪುಡಿಯಾಗಿ ಆಕಾಶಕ್ಕೆ ಏರಿತು.

ಆ ಹೊತ್ತಿಗೆ ಬಹಳ ದೂರದಲ್ಲಿ ಜಪಾನಿನ ಯಾಯ್‌ಝು ಬಂದರಿನ ಒಂದು ಮರದ ದೋಣಿ ಟ್ಯೂನಾ ಮೀನು ಹಿಡಿಯುತ್ತಿತ್ತು. ಹೆಸರು ಡೈಗೊ ಫುಕುರ್ಯು ಮಾರು. ‘ಅದೃಷ್ಟದ ಡ್ರ್ಯಾಗನ್, ನಂಬರ್ ಐದು’ ಅಂತ ಅರ್ಥ. ದೋಣಿಯಲ್ಲಿ 23 ಜನ. ಅಪಾಯದ ವಲಯ ಎಂದು ಅಮೆರಿಕ ಸಾರಿದ್ದ ಗೆರೆಯ ಆಚೆಗೇ ಅವರಿದ್ದರು. ಪಶ್ಚಿಮದಲ್ಲಿ ಸೂರ್ಯ ಹುಟ್ಟಿದ ಹಾಗೆ ಬೆಳಕು ಕಂಡಿತು. ಏಳೆಂಟು ನಿಮಿಷವಾದ ಮೇಲೆ ಸದ್ದು ಬಂತು. ಮಕ್ಕಳೇ, ಶಬ್ದ ಒಂದು ನಿಮಿಷಕ್ಕೆ ಸುಮಾರು 20 ಕಿಲೋಮೀಟರ್ ಹೋಗುತ್ತದೆ. ಗುಣಿಸಿ ನೋಡಿರಿ. ಬಾಗಲಕೋಟೆಯಿಂದ ಬೆಳಗಾವಿ ಎಷ್ಟು ದೂರವೋ ಹೆಚ್ಚೂಕಡಿಮೆ ಅಷ್ಟು ದೂರ ಬರುತ್ತದೆ.

ಎರಡು ಮೂರು ತಾಸು ಕಳೆದ ಮೇಲೆ ಮೇಲಿನಿಂದ ಬಿಳಿ ಬೂದಿ ಉದುರತೊಡಗಿತು. ಬಲೆಗಿರಣಿಯಲ್ಲಿ ಹಿಟ್ಟು ಹಾರಿ ಮೈಗೆಲ್ಲ ಕೂರುತ್ತದಲ್ಲ, ಹಾಗೆ ತಲೆ, ಕಿವಿ, ಅಂಗಿಯ ಕಾಲರಿನೊಳಗೆಲ್ಲ ಕೂತಿತು. ಇದೇನೆಂದು ಗೊತ್ತಾಗದೆ ಒಬ್ಬ ನಾಲಿಗೆಗೆ ಹಚ್ಚಿಯೂ ನೋಡಿದ. ಅವರು ಬಿಟ್ಟಿದ್ದ ಉದ್ದನೆಯ ಗಾಳದ ಹಗ್ಗವನ್ನೆಲ್ಲ ಎಳೆದುಕೊಳ್ಳದೆ ಹೊರಡುವ ಹಾಗಿರಲಿಲ್ಲ, ಅದು ಅವರ ಬದುಕು. ತಾಸುಗಟ್ಟಲೆ ಆ ಬೂದಿಯಲ್ಲೇ ದುಡಿದರು. ಸಂಜೆಯೊಳಗೆ ತಲೆಸುತ್ತು, ವಾಂತಿ. ಮುಂದೆ ಚರ್ಮ ಸುಟ್ಟಂತಾಗಿ ಗುಳ್ಳೆ ಎದ್ದವು, ಕೂದಲು ಕಿತ್ತು ಬಂತು. ಮಾರ್ಚ್ 14ಕ್ಕೆ ಊರು ಮುಟ್ಟಿದರು.

ಅವರ ಜೊತೆ ಮೀನೂ ಊರು ಮುಟ್ಟಿತು.

ಪತ್ರಿಕೆಯಲ್ಲಿ ಸುದ್ದಿ ಬರುವಷ್ಟರಲ್ಲಿ ಆ ಮೀನು ಪೇಟೆಗೆ ಹೋಗಿಯಾಗಿತ್ತು. ಟೋಕಿಯೋದ ದೊಡ್ಡ ಮೀನುಪೇಟೆಯಲ್ಲಿ ಅಧಿಕಾರಿಗಳು ವಿಕಿರಣ ಅಳೆಯುವ ಯಂತ್ರ ಹಿಡಿದು ಮೀನಿನ ಸಾಲಿನ ಮೇಲೆ ನಡೆದರು. ಎಲ್ಲಿ ಯಂತ್ರ ಟಿಕ್‌ಟಿಕ್ ಅಂದಿತೋ ಆ ಮೀನನ್ನು ಹೂತರು. ಆ ವರ್ಷ 800ಕ್ಕೂ ಹೆಚ್ಚು ದೋಣಿಗಳು ತಂದ ಮೀನಿನಲ್ಲಿ ವಿಷ ಸಿಕ್ಕಿತು. ಜಪಾನಿನವರಿಗೆ ಮೀನೆಂದರೆ ನಮಗೆ ಜೋಳದ ರೊಟ್ಟಿ ಇದ್ದ ಹಾಗೆ. ನಾಳೆ ಬೆಳಗ್ಗೆ ಯಾರೋ ಬಂದು ‘ಈ ಸಲದ ಜೋಳ ತಿನ್ನಬೇಡಿರಿ, ಕಣ್ಣಿಗೆ ಕಾಣದ ವಿಷ ಇದೆ’ ಅಂದರೆ ಹುನಗುಂದದ ಎರೆಹೊಲದ ರೈತ ಏನು ಮಾಡಿಯಾನು? ಬಣ್ಣ ಅದೇ, ವಾಸನೆ ಅದೇ, ರುಚಿ ಅದೇ. ಒಳಗೆ ಮಾತ್ರ ವಾತಾಪಿ.

ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದವರು ಐಕಿಚಿ ಕುಬೊಯಾಮಾ. ವಯಸ್ಸು 40, ಮನೆಯಲ್ಲಿ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳು. ದೇಶದ ಮಕ್ಕಳೆಲ್ಲ ‘ಬೇಗ ಗುಣವಾಗಿರಿ’ ಅಂತ ಆಸ್ಪತ್ರೆಗೆ ಕಾಗದ ಬರೆದರು. ಸೆಪ್ಟೆಂಬರ್ 23ರಂದು ಅವರು ತೀರಿಕೊಂಡರು.

ಅದೇ ವರ್ಷದ ವಸಂತದಲ್ಲಿ ತೊಹೊ ಎಂಬ ಸಿನಿಮಾ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕಾ ಇಂಡೊನೇಶಿಯಾದಿಂದ ವಿಮಾನದಲ್ಲಿ ಮರಳುತ್ತಿದ್ದರು. ಅಲ್ಲಿ ತೆಗೆಯಬೇಕಿದ್ದ ಚಿತ್ರ ಕೈತಪ್ಪಿತ್ತು. ಬೇರೆ ಚಿತ್ರ ಕೊಡಲೇಬೇಕು. ಕಿಟಕಿಯ ಕೆಳಗೆ ಸಮುದ್ರ, ತಲೆಯಲ್ಲಿ ಪತ್ರಿಕೆಯ ಸುದ್ದಿ. ಈ ಸಮುದ್ರದ ತಳದಲ್ಲಿ ಒಂದು ಪುರಾತನ ಪ್ರಾಣಿ ಮಲಗಿದ್ದು, ಬಾಂಬಿನ ಪರೀಕ್ಷೆ ಅದನ್ನು ಎಬ್ಬಿಸಿದರೆ? ಅಮೆರಿಕದಲ್ಲಿ ಹಿಂದಿನ ವರ್ಷವೇ ಇಂಥದೊಂದು ಚಿತ್ರ ಬಂದಿತ್ತು, ಕಿಂಗ್ ಕಾಂಗ್ ಅಂತೂ 1933ರದ್ದು. ಪ್ರಾಣಿ ಹೊಸದೇನಲ್ಲ. ಆದರೆ ಬೂದಿ ಮೈಮೇಲೆ ಬಿದ್ದವರು ಹೇಳುವ ಕಥೆಯೇ ಬೇರೆ.

ಗೊರಿಲ್ಲಾಕ್ಕೆ ಜಪಾನಿಯಲ್ಲಿ ಗೊರಿರಾ, ತಿಮಿಂಗಿಲಕ್ಕೆ ಕುಜಿರಾ. ಎರಡನ್ನೂ ಕಲಸಿದರು, ಗೊಜಿರಾ ಆಯಿತು. ಅಮೆರಿಕದವರ ಬಾಯಲ್ಲಿ ಅದು ಗಾಡ್ಜಿಲ್ಲಾ. ಎತ್ತರ 50 ಮೀಟರ್. ನಮ್ಮ ವಿಜಾಪುರದ ಗೋಳಗುಮ್ಮಟ ಎದ್ದು ನಡೆಯತೊಡಗಿತು ಅಂದುಕೊಳ್ಳಿರಿ, ಅಳತೆ ಸರಿಹೋಗುತ್ತದೆ.

ಪ್ರಾಣಿಯನ್ನು ಮಾಡಿದ್ದು ಎಯ್ಜಿ ತ್ಸುಬುರಾಯಾ. ಕಿಂಗ್ ಕಾಂಗ್ ಚಿತ್ರದಂತೆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚಿತ್ರ ತೆಗೆಯುವ ಆಸೆ ಅವರಿಗಿತ್ತು. ಅದಕ್ಕೆ ಸಮಯವೂ ಇಲ್ಲ, ಹಣವೂ ಇಲ್ಲ. ಮನುಷ್ಯನಿಗೇ ವೇಷ ಹಾಕಿಸಿದರು. ಬಯಲಾಟ ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ, ಆದರೆ ಈ ವೇಷದ ತೂಕ ಕೇಳಿರಿ: ಸುಮಾರು 100 ಕಿಲೋ, ಅಂದರೆ ಒಂದು ದೊಡ್ಡ ಚೀಲ ಜೋಳ. ಅದನ್ನು ಹೊತ್ತು ದೀಪಗಳ ಸೆಕೆಯಲ್ಲಿ ಪುಟಾಣಿ ಟೋಕಿಯೋವನ್ನು ತುಳಿದವರು ಹಾರುವೊ ನಾಕಾಜಿಮಾ. ಗೊಜಿರಾನ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನೀಡಿದ ಅಕಿರಾ ಇಫುಕುಬೆ, ಆಳೆತ್ತರದ ಪಿಟೀಲಿನಂಥ ವಾದ್ಯದ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದನ್ನು ಎಳೆಸಿದರು. ಆ ಕರಕರ ಸದ್ದೇ ಅದು.

ನಿರ್ದೇಶಕ ಇಶಿರೋ ಹೊಂಡಾ ಚೀನಾದಲ್ಲಿ ಯುದ್ಧ ಮಾಡಿ, ಸೆರೆಯಾಗಿ, ಮರಳಿ ಬರುವ ದಾರಿಯಲ್ಲಿ ಹಿರೋಶಿಮಾದ ಬೂದಿಯನ್ನು ಕಂಡವರು. ಗೊಜಿರಾನ ಚರ್ಮವನ್ನು ಗಮನಿಸಿ ನೋಡಿರಿ. ಮೊಸಳೆಯ ಚರ್ಮವಲ್ಲ ಅದು. ಬಾಂಬಿನಿಂದ ಸುಟ್ಟವರ ಗಾಯ ಮಾಯ್ದ ಮೇಲೆ ಉಳಿಯುವ ಗಂಟು ಗಂಟು ಕಲೆಯಂತಿದೆ. ಅವನು ಬರೀ ಹೊಡೆಯಲು ಬಂದವನಲ್ಲ, ಬಾಂಬು ಅವನನ್ನೂ ಸುಟ್ಟಿದೆ.

ಚಿತ್ರ ಬಿಡುಗಡೆಯಾದದ್ದು 1954ರ ನವೆಂಬರ್ 3ರಂದು, ಕುಬೊಯಾಮಾ ತೀರಿ ಆರು ವಾರ ಕೂಡ ತುಂಬಿರಲಿಲ್ಲ. ಮೊದಲ ದೃಶ್ಯದಲ್ಲೇ ಒಂದು ಹಡಗು; ಕೆಲಸ ಮುಗಿಸಿದ ನಾವಿಕರು ಹಾಡಿಕೊಂಡು ಕೂತಿದ್ದಾರೆ; ಸಮುದ್ರದಲ್ಲಿ ಝಗ್ಗನೆ ಬೆಳಕು; ಹಡಗು ಉರಿಯುತ್ತದೆ. ಇದು ಯಾವ ದೋಣಿ ಅಂತ ಅಲ್ಲಿ ಕೂತವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುಂದೆ ರೈಲಿನಲ್ಲಿ ಹೋಗುವ ಹೆಣ್ಣುಮಗಳೊಬ್ಬಳು ವಿಷದ ಮೀನು, ವಿಷದ ಮಳೆ, ಈಗ ಇದೊಂದು ಎಂದು ಬೇಸರದಿಂದ ಅನ್ನುತ್ತಾಳೆ. ಬೆಂಕಿಯ ನಡುವೆ ಒಬ್ಬ ತಾಯಿ ಮಕ್ಕಳನ್ನು ಅವುಚಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಅಂತ ಸಮಾಧಾನ ಮಾಡುತ್ತಾಳೆ. ಟೋಕಿಯೋ ಹೀಗೆ ಉರಿದು ಆಗಿನ್ನೂ ಒಂಬತ್ತು ವರ್ಷ. 1945ರ ಮಾರ್ಚಿನ ಒಂದೇ ರಾತ್ರಿಯ ಬಾಂಬಿನ ದಾಳಿಯಲ್ಲಿ ಅಲ್ಲಿ ಒಂದು ಲಕ್ಷದಷ್ಟು ಜನ ಸತ್ತಿದ್ದರು.

ಹಾಗಾದರೆ ಅದನ್ನೇ ನೇರವಾಗಿ ತೋರಿಸಬಹುದಿತ್ತಲ್ಲ, ರಾಕ್ಷಸ ಯಾಕೆ ಬೇಕಿತ್ತು? ಯುದ್ಧ ಸೋತ ಮೇಲೆ 1952ರವರೆಗೆ ಜಪಾನಿನಲ್ಲಿ ಅಮೆರಿಕದ ಸೈನ್ಯದ ಆಡಳಿತವಿತ್ತು. ಅಣುಬಾಂಬಿನ ಬಗ್ಗೆ ಮನಬಂದಂತೆ ಬರೆಯುವ ಹಾಗಿರಲಿಲ್ಲ. ಬಾಯಿ ಕಟ್ಟಿದ್ದು ಬಿಚ್ಚಿ ಎರಡೇ ವರ್ಷವಾಗಿತ್ತು. ಇನ್ನೊಂದು ಕಾರಣ ನನ್ನ ಊಹೆ. ವಿಕಿರಣಕ್ಕೆ ಮುಖವಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಮಕ್ಕಳು ಹೆದರುವುದು ಹೇಗೆ, ದೊಡ್ಡವರು ಅದನ್ನು ಬೈಯುವುದು ಹೇಗೆ? ಅದಕ್ಕೆ ಕಾಲು, ಬಾಲ, ಕೂಗು ಕೊಟ್ಟರು.

ಚಿತ್ರದ ಕೊನೆಗೆ ಸೆರಿಝಾವಾ ಎಂಬ ವಿಜ್ಞಾನಿ ತಾನು ಕಂಡುಹಿಡಿದ, ಬಾಂಬಿಗಿಂತಲೂ ಭಯಂಕರವಾದ ಒಂದು ಅಸ್ತ್ರದಿಂದ ಗೊಜಿರಾನನ್ನು ಕೊಲ್ಲುತ್ತಾನೆ. ಅದಕ್ಕೆ ಮೊದಲೇ ತನ್ನ ಲೆಕ್ಕದ ಕಾಗದಗಳನ್ನೆಲ್ಲ ಸುಟ್ಟಿರುತ್ತಾನೆ. ಗುಟ್ಟು ತನ್ನ ತಲೆಯಲ್ಲಿ ಉಳಿದರೆ ಯಾರಾದರೂ ಹಿಂಡಿ ತೆಗೆದಾರು ಅಂತ ತಾನೂ ಸಮುದ್ರದ ತಳದಲ್ಲೇ ಉಳಿಯುತ್ತಾನೆ. ಮೊಮ್ಮಗ ಅಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಅಗಸ್ತ್ಯನ ವಿಷಯಕ್ಕೆ ಬರೋಣ. ಈ ಹೊಸ ವಾತಾಪಿಯನ್ನು ಅವನು ಜೀರ್ಣಿಸಬಲ್ಲನೇ? ಬ್ಯಾಂಕಿನ ಲೆಕ್ಕದಲ್ಲಿ ಹೇಳುತ್ತೇನೆ. ಬಾಂಬಿನ ಬೂದಿಯಲ್ಲಿ ಸೀಸಿಯಂ ಎಂಬ ವಸ್ತು ಇರುತ್ತದೆ. ಸುಮಾರು 30 ವರ್ಷಕ್ಕೆ ಅದು ಅರ್ಧವಾಗುತ್ತದೆ. ಇದಕ್ಕೆ ಅರ್ಧಾಯುಷ್ಯ ಅನ್ನುತ್ತಾರೆ. 1954ರಲ್ಲಿ 100 ರೂಪಾಯಿ ಸಾಲ ಇತ್ತು ಅನ್ನೋಣ. 1984ಕ್ಕೆ 50. 2014ಕ್ಕೆ ತೀರಿತೇ? ಇಲ್ಲ, 25. 2044ಕ್ಕೆ ಹನ್ನೆರಡೂವರೆ. ಇಂದಿನ ನಾಲ್ಕನೇ ಇಯತ್ತೆಯ ಹುಡುಗಿಗೆ ಮಕ್ಕಳಾಗುವ ಕಾಲಕ್ಕೂ ಖಾತೆ ಮುಚ್ಚುವುದಿಲ್ಲ.

ಇನ್ನೊಂದು ವಸ್ತು ಸ್ಟ್ರಾಂಶಿಯಂ. ಇದಕ್ಕೂ ಹೆಚ್ಚೂಕಡಿಮೆ ಅಷ್ಟೇ ಆಯುಷ್ಯ, ಆದರೆ ಬುದ್ಧಿ ಇನ್ನೂ ಕೆಟ್ಟದ್ದು. ಇದು ಸುಣ್ಣದ ಅಂಶದಂತೆ, ಅಂದರೆ ಕ್ಯಾಲ್ಸಿಯಂನಂತೆ, ವೇಷ ಹಾಕುತ್ತದೆ. ಬೂದಿ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲನ್ನು ಆಕಳು ತಿನ್ನುತ್ತದೆ, ಹಾಲನ್ನು ಮಗು ಕುಡಿಯುತ್ತದೆ, ಮಗುವಿನ ಎಲುಬು ‘ಸುಣ್ಣ ಬಂತು’ ಎಂದು ಒಳಗೆ ಕರೆದುಕೊಳ್ಳುತ್ತದೆ. ನಮ್ಮಲ್ಲಿ ಹಾಲುಹಲ್ಲು ಬಿದ್ದರೆ ಮಾಳಿಗೆ ಮೇಲೆ ಒಗೆಯುತ್ತೇವೆ. ಅಮೆರಿಕದ ಸೇಂಟ್ ಲೂಯಿಸ್ ಊರಿನ ಮಕ್ಕಳು ಏನು ಮಾಡಿದರು ಗೊತ್ತೇ? 1958ರಿಂದ ಶುರುಮಾಡಿ ತಮ್ಮ ಹಾಲುಹಲ್ಲುಗಳನ್ನು ವಿಜ್ಞಾನಿಗಳಿಗೆ ಕಳಿಸಿದರು. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಹಲ್ಲು! ಬಾಂಬಿನ ಪರೀಕ್ಷೆಗಳು ಹೆಚ್ಚಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾಂಶಿಯಂ ಹೆಚ್ಚಾಗಿರುವುದು ಕಂಡುಬಂತು. ಜಪಾನಿನಲ್ಲಾದರೋ ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಪರೀಕ್ಷೆ ನಿಲ್ಲಿಸಿರೆಂದು ಸಹಿ ಕೂಡಿಸತೊಡಗಿದರು. 1955ರ ಹೊತ್ತಿಗೆ ದೇಶದ ತುಂಬ ಮೂರು ಕೋಟಿ ಮೀರಿತು. ನಮ್ಮ ಪಂಡಿತ ನೆಹರೂ ಆ ದೋಣಿಯ ಸುದ್ದಿ ಬಂದ ಕೆಲವೇ ದಿನಗಳಲ್ಲಿ, 1954ರ ಏಪ್ರಿಲ್ 2ರಂದು, ಪರೀಕ್ಷೆಗಳನ್ನು ಸದ್ಯಕ್ಕಾದರೂ ತಡೆಹಿಡಿಯಿರಿ ಅಂತ ಲೋಕಸಭೆಯಲ್ಲಿ ಕೇಳಿದ್ದರು. ಕೇಳಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. 1963ರಲ್ಲಿ ಅಮೆರಿಕ, ರಷ್ಯಾ, ಬ್ರಿಟನ್ ಕೂಡಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಬೇಡವೆಂದು ಒಪ್ಪಂದ ಮಾಡಿಕೊಂಡವು. ಭಾರತವೂ ಸಹಿ ಹಾಕಿತು.

ಬಿಕಿನಿಯ ಹತ್ತಿರದ ರೊಂಗೆಲಾಪ್ ದ್ವೀಪದವರನ್ನು ಮಾತ್ರ ಜಗತ್ತು ಬಹಳ ದಿನ ಮರೆತಿತ್ತು. ಅಂದು ಬಿದ್ದ ಬೂದಿಯಲ್ಲಿ ಅಲ್ಲಿಯ ಮಕ್ಕಳು ಆಟವಾಡಿದ್ದವು. ಎರಡು ದಿನದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸಿದರು. ಮೂರು ವರ್ಷಕ್ಕೆ ‘ಇನ್ನು ಹೋಗಬಹುದು’ ಅಂದರು, ಹೋದರು. ರೋಗ ಬಿಡಲಿಲ್ಲ. 1985ರಲ್ಲಿ ತಾವೇ ಮನೆ ಬಿಚ್ಚಿಕೊಂಡು ದ್ವೀಪ ಬಿಟ್ಟರು. ಊರು ಬಿಡುವುದೆಂದರೇನು ಅಂತ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಿಲು ಚೌಕಟ್ಟು ಕಿತ್ತುಕೊಂಡು ನವನಗರಕ್ಕೆ ಬಂದವರು ನಾವು. ಆದರೆ ನಮ್ಮ ನೀರು ಕಣ್ಣಿಗೆ ಕಾಣುತ್ತಿತ್ತು, ಬೇಸಿಗೆಯಲ್ಲಿ ಇಳಿಯುತ್ತದೆ ಕೂಡ. ಅವರ ತೆಂಗಿನಮರ ಹಾಗೇ ನಿಂತಿದೆ, ಕಾಯಿ ಬಿಟ್ಟಿದೆ, ತಿನ್ನುವ ಹಾಗಿಲ್ಲ.

ಗೊಜಿರಾನ ಮುಂದಿನ ಬಾಳು ಅಷ್ಟೇನೂ ಹೇಳಿಕೊಳ್ಳುವಂಥದ್ದಲ್ಲ. 1956ರಲ್ಲಿ ಅಮೆರಿಕದವರು ಚಿತ್ರವನ್ನು ಕೊಂಡು, ನಡುವೆ ತಮ್ಮ ನಟನೊಬ್ಬನನ್ನು ಸೇರಿಸಿ, ಬಾಂಬಿನ ಬಗೆಗಿನ ಹಲವು ಮಾತುಗಳಿಗೆ ಕತ್ತರಿ ಹಾಕಿದರು. ಪರೀಕ್ಷೆ ನಿಲ್ಲದಿದ್ದರೆ ಇನ್ನೊಂದು ಗೊಜಿರಾ ಬಂದೀತು ಅನ್ನುವ ಮುದುಕ ಪ್ರಾಧ್ಯಾಪಕನ ಕೊನೆಯ ಮಾತೂ ಹೋಯಿತು. ಜಪಾನಿನವರೂ ಕಡಿಮೆ ಇಲ್ಲ. ಚಿಕ್ಕ ಮಕ್ಕಳು ಮೆಚ್ಚಲೆಂದು ಅವನನ್ನು ಒಳ್ಳೆಯವನನ್ನಾಗಿ ಮಾಡಿ, 1965ರ ಚಿತ್ರದಲ್ಲಿ ಕುಣಿಸಿಯೇ ಬಿಟ್ಟರು. ನನಗೆ ಆ ಕುಣಿತ ಹಿಡಿಸಲಿಲ್ಲ, ಮೊಮ್ಮಗನಿಗೆ ಬಹಳ ಹಿಡಿಸಿತು. ಆದರೂ ಆಗಾಗ ಅವನಿಗೆ ಹಳೆಯ ನೆನಪು ಮರುಕಳಿಸುತ್ತದೆ. 1971ರಲ್ಲಿ ಕಾರ್ಖಾನೆಯ ಹೊಲಸಿನಿಂದ ಹುಟ್ಟಿದ ರಾಕ್ಷಸನೊಡನೆ ಕಾದಾಡಿದ. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ಅನಾಹುತವಾದ ಮೇಲೆ 2016ರಲ್ಲಿ ಬಂದ ಚಿತ್ರದಲ್ಲಿ ಅವನಿಗಿಂತ ಹೆಚ್ಚು ಕಾಟ ಕೊಡುವುದು ಮೀಟಿಂಗ್ ಮೇಲೆ ಮೀಟಿಂಗ್ ಮಾಡುವ ಅಧಿಕಾರಿಗಳು. ಅದನ್ನು ನೋಡಿ ನಾನು ನಕ್ಕಷ್ಟು ಮನೆಯಲ್ಲಿ ಯಾರೂ ನಗಲಿಲ್ಲ. ನೌಕರಿ ಮಾಡಿದವರಿಗೇ ಗೊತ್ತು.

ಇಷ್ಟೆಲ್ಲ ಕೇಳಿದ ಮೇಲೆ ಮೊಮ್ಮಗ, “ಅಜ್ಜಾ, ನಮ್ಮ ದೇಶದಾಗೂ ಬಾಂಬ್ ಐತಲ್ಲ?” ಅಂದ.

ಐತಪಾ, ಅಂದೆ. 1974ರ ಮೇ 18ರಂದು ರಾಜಸ್ಥಾನದ ಪೋಖರಣ್‌ನಲ್ಲಿ ನೆಲದಡಿ ಮೊದಲ ಪರೀಕ್ಷೆ ಆಯಿತು. ಅದರ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಪಿಯಾನೋ ನುಡಿಸುತ್ತಿದ್ದ ವಿಜ್ಞಾನಿ. ಆಗ ನಾನು ನೌಕರಿಗೆ ಹೊಸಬ. ಬ್ರಾಂಚಿನಲ್ಲಿ ಪೇಢೆ ಹಂಚಿದೆವು, ನಾನೂ ಎರಡು ತಿಂದೆ. 1998ರ ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆಯಾದಾಗ ಮಗ ಕಾಲೇಜಿನಲ್ಲಿದ್ದ, ಅವನು ಪೇಢೆ ತಂದ. ನೆರೆಯಲ್ಲಿ ಚೀನಾದ ಬಾಂಬ್ ಇರುವಾಗ ನಮಗೂ ಬೇಕಲ್ಲ ಅನ್ನುವುದು ನನಗೆ ಆಗಲೂ ತಿಳಿಯುತ್ತಿತ್ತು, ಈಗಲೂ ತಿಳಿಯುತ್ತದೆ. ಅದನ್ನೇ ಹೇಳಿದೆ. “ಹಂಗಾದ್ರ ಅವರೂ ಹಂಗ ಅಂದಿರ್ತಾರಲ್ಲ ಅಜ್ಜಾ” ಅಂದ. ಹನ್ನೊಂದು ವರ್ಷದವನು. ಅವನಿಗೆ ಕೊಡುವ ಉತ್ತರ ನನ್ನ ಬಿ.ಕಾಂ.ನಲ್ಲಿ ಇರಲಿಲ್ಲ.

ಆ ದೋಣಿ ಏನಾಯಿತು ಅಂತ ಕೆಲವರಿಗಾದರೂ ಕುತೂಹಲ ಇದ್ದೀತು. ಅದನ್ನು ತೊಳೆದು, ಹೆಸರು ಬದಲಿಸಿ, ಮೀನುಗಾರಿಕೆ ಕಲಿಯುವ ವಿದ್ಯಾರ್ಥಿಗಳಿಗೆ ಕೊಟ್ಟರು. ಹಳತಾದ ಮೇಲೆ ಟೋಕಿಯೋದ ಕಸ ಸುರಿಯುವ ದಿಬ್ಬದ ಬಳಿ ಬಿಟ್ಟರು. ಆ ಜಾಗದ ಹೆಸರು ಯುಮೆನೊಶಿಮಾ, ಅಂದರೆ ಕನಸಿನ ದ್ವೀಪ. 1968ರಲ್ಲಿ ಪತ್ರಿಕೆಗೆ ಬಂದ ಒಬ್ಬ ತರುಣನ ಕಾಗದದಿಂದ ಜನಕ್ಕೆ ಎಚ್ಚರವಾಗಿ, ಅದನ್ನು ಉಳಿಸಿದರು. 1976ರಿಂದ ಅಲ್ಲೇ ಒಂದು ಸಂಗ್ರಹಾಲಯದಲ್ಲಿದೆ. ಅದರಲ್ಲಿ ದುಡಿದ ಮತಾಶಿಚಿ ಓಇಶಿ ಎಂಬುವರು ಬಹಳ ವರ್ಷ ತಮ್ಮ ಗುರುತು ಮುಚ್ಚಿಟ್ಟು ಟೋಕಿಯೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದರು. ನಂತರ ಮನಸ್ಸು ಬದಲಾಯಿಸಿ, 2021ರಲ್ಲಿ ತೀರಿಕೊಳ್ಳುವವರೆಗೆ, ಶಾಲೆಯ ಮಕ್ಕಳಿಗೆ ಆ ಬೆಳಗಿನ ಕಥೆ ಹೇಳುತ್ತ ಬಂದರು. ಅವರು ಗಾಡ್ಜಿಲ್ಲಾನಂತೆ ಟೀ ಶರ್ಟ್ ಮೇಲೆ ಬರಲಿಲ್ಲ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಕ್ಕಳಿಗೆ ತೋರಿಸುವುದಾದರೆ 1954ರ ಕಪ್ಪುಬಿಳುಪು ಜಪಾನಿ ಚಿತ್ರವನ್ನೇ ಹುಡುಕಿರಿ, ಅಮೆರಿಕದ ಕತ್ತರಿ ಬಿದ್ದದ್ದು ಬೇಡ. ಒಂದು ಗಂಟೆ ಮೂವತ್ತಾರು ನಿಮಿಷ. ಆಸ್ಪತ್ರೆಯಲ್ಲಿ ಒಂದು ಪುಟ್ಟ ಮಗುವಿನ ಮುಂದೆ ಯಂತ್ರ ಹಿಡಿದಾಗ ಅದು ಟಿಕ್‌ಟಿಕ್ ಅನ್ನುವ ದೃಶ್ಯ ಬರುತ್ತದೆ. ಅದು ಬರುವ ಹೊತ್ತಿಗೆ ಚಹಾ ಇಡಲು ಎದ್ದು ಹೋಗಬೇಡಿರಿ, ಮಗುವಿನ ಪಕ್ಕದಲ್ಲೇ ಕೂತಿರಿ.